ಸಹಾಯ ಬೇಕು: .50-110 ಲಿವರ್ ರೈಫಲ್ ಮಾಡಿಸುವವರು ಇದ್ದೀರಾ?

ನಮಸ್ಕಾರ, ನಾನು ಅಮೆರಿಕದ ಮೊಂಟಾನಾದಲ್ಲಿದ್ದೇನೆ. ಜಾನ್ ಬ್ರೌನಿಂಗ್ ವಿನ್ಯಾಸದ ವಿಂಚೆಸ್ಟರ್ 1886 (ಕೈಹಿಡಿಯ ಕೆಳಗಿನ ಲಿವರ್ ಆಡಿಸಿ ಗುಂಡು ತುಂಬುವ ರೈಫಲ್) ಮಾದರಿಯಲ್ಲಿ, ಹಳೇ .50-110 ಕಾಡತೂಸಿನ ರೈಫಲ್ ಮಾಡಿಸುವ ಆಸೆ. .45-70 ಅನ್ನುವ ಇನ್ನೊಂದು ಕಾಡತೂಸು ಎಲ್ಲೆಡೆ ಸಿಗುತ್ತದೆ, ನಿಜ. ಆದರೆ 110 ಗ್ರೇನ್ (ಸುಮಾರು 7 ಗ್ರಾಂ) ಕಪ್ಪುಮದ್ದು ತುಂಬುತ್ತಿದ್ದ ಈ ಅರ್ಧ ಇಂಚಿನ ದೈತ್ಯನ ಮೇಲೇ ನನಗೆ ಪ್ರೀತಿ ಜಾಸ್ತಿ.

ಹಳೇ ರೈಫಲ್‌ನ ರಿಸೀವರ್ (ಲಿವರ್ ಯಂತ್ರ ಕೂರುವ ಚೌಕಟ್ಟು) ಕೊಳ್ಳಲೋ, ಜಪಾನಿನ ಮಿರೋಕು ಕಂಪನಿ ಮಾಡಿದ ಹೊಸದನ್ನೋ? ಹಳೆಯದಾದರೆ ಕಪ್ಪುಮದ್ದಿನ ಒತ್ತಡ ದಾಟಬಾರದು ಅಲ್ವಾ? ಬ್ಯಾರೆಲ್ ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರಿನದ್ದೇ ದೊಡ್ಡ ಗೊಂದಲ. ಆಗಿನ ನಿಧಾನ ಸುರುಳಿ 300 ಗ್ರೇನ್ ಹಗುರ ಗುಂಡಿಗೆ. ನನಗೆ 450 ಗ್ರೇನ್ ಹಾರಿಸಬೇಕು. ಬಿಗಿ ಸುರುಳಿ ಹಾಕಿಸಿದವರು ಅನುಭವ ಹೇಳಿ. ಇಂಥ ಕೆಲಸ ಮಾಡುವ, ಲೈಸೆನ್ಸ್ ಇರುವ ಗನ್‌ಸ್ಮಿತ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಖಾಲಿ ಹಿತ್ತಾಳೆ ಕೇಸ್ ಎಲ್ಲಿ ಸಿಗುತ್ತವೆ ಅನ್ನುವುದೂ ಬೇಕು.