ಕೈಂಡ್ ಆಫ್ ಬ್ಲೂ ಮೊದಲ ಬದಿ ಕೀಬೋರ್ಡಿಗೆ ಶ್ರುತಿ ಕೂಡುತ್ತಿಲ್ಲ. 1959ರ ಜಾಝ್ ಬಗ್ಗೆ ಇನ್ನೂ ಕೆಲವು ಪ್ರಶ್ನೆ

ಮಂದ್ರಸ್ಥಾಯಿ:

1959ರಲ್ಲಿ ಧ್ವನಿಮುದ್ರಣವಾದ ಐದು ಆಲ್ಬಮ್‌ಗಳನ್ನು ಕೇಳುತ್ತಾ ಜೊತೆಗೆ ಕೀಬೋರ್ಡ್ ನುಡಿಸಲು ಪಟ್ಟಿ ಮಾಡಿಕೊಂಡಿದ್ದೇನೆ: ಮೈಲ್ಸ್ ಡೇವಿಸ್ ಅವರ ಕೈಂಡ್ ಆಫ್ ಬ್ಲೂ, ಡೇವ್ ಬ್ರೂಬೆಕ್ ಅವರ ಟೈಮ್ ಔಟ್, ಚಾರ್ಲ್ಸ್ ಮಿಂಗಸ್ ಅವರ ಮಿಂಗಸ್ ಆಹ್ ಉಮ್, ಜಾನ್ ಕೋಲ್ಟ್ರೇನ್ ಅವರ ಜೈಂಟ್ ಸ್ಟೆಪ್ಸ್, ಆರ್ನೆಟ್ ಕೋಲ್ಮನ್ ಅವರ ದ ಶೇಪ್ ಆಫ್ ಜಾಝ್ ಟು ಕಮ್.

ಕೈಂಡ್ ಆಫ್ ಬ್ಲೂ ಹಳೆಯ ಎಲ್‌ಪಿಯ ಮೊದಲ ಬದಿ ಕೀಬೋರ್ಡಿಗಿಂತ ಏರಿದೆ, ಎರಡನೇ ಬದಿ ಸರಿಯಾಗಿ ಕೂಡುತ್ತದೆ. ಟರ್ನ್‌ಟೇಬಲ್ ವೇಗದ ದೋಷವೇ? ಅದೇ ಬದಿಯ ಸೋ ವಾಟ್‌ನಲ್ಲಿ ಸೋಲೋ (ಒಬ್ಬರ ತನಿ ನುಡಿಕೆ) ಶುರುವಾದ ಮೇಲೆ ಎಲ್ಲಿದ್ದೇವೆ ಅನ್ನೋದೇ ತಪ್ಪಿಹೋಗುತ್ತದೆ, ಎಣಿಕೆ ಹೇಗೆ? ಟೈಮ್ ಔಟ್‌ನ ಟೇಕ್ ಫೈವ್‌ಗೆ ಖಂಡ ಛಾಪು (ಐದೆಣಿಕೆಯ ತಾಳ) ಹಾಕಬಹುದೇ? ಐದರಲ್ಲಿ ಯಾವುದನ್ನು ಮೊದಲು ಹಿಡಿಯಬೇಕು?

ಹಳೇರೀಲ್:

ಒಂದು ಬದಿ ಕೂಡಿ ಇನ್ನೊಂದು ಕೂಡುತ್ತಿಲ್ಲ ಅಂದರೆ ಮೋಟಾರನ್ನು ಬೈಯಬೇಕಿಲ್ಲ. ದೋಷ ಇರುವುದು ಟೇಪಿನಲ್ಲಿ.

ಆ ಆಲ್ಬಮ್ ಎರಡು ದಿನಗಳಲ್ಲಿ ಮುದ್ರಣವಾಯಿತು, ಎರಡೂ ಮ್ಯಾನ್‌ಹ್ಯಾಟನ್ನಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೋದಲ್ಲಿ. ಹಿಂದೆ ಚರ್ಚ್ ಆಗಿದ್ದ, ಭಾರಿ ಎತ್ತರದ ಸೂರಿನ ಕಟ್ಟಡ ಅದು. ಮಾರ್ಚ್ 2ರಂದು ಫ್ರೆಡ್ಡಿ ಫ್ರೀಲೋಡರ್, ಸೋ ವಾಟ್, ಬ್ಲೂ ಇನ್ ಗ್ರೀನ್. ಏಪ್ರಿಲ್ 22ರಂದು ಫ್ಲಮೆಂಕೊ ಸ್ಕೆಚಸ್, ಆಲ್ ಬ್ಲೂಸ್. ಮೊದಲ ದಿನದ ಮೂರೂ ಎಲ್‌ಪಿಯ ಮೊದಲ ಬದಿಗೆ ಹೋದವು. ಆ ದಿನ ಮಾಸ್ಟರ್ ಟೇಪ್ ಹಾಕಿದ್ದ ಯಂತ್ರ ಕೊಂಚ ನಿಧಾನವಾಗಿ ಓಡಿತ್ತು. ಅಂಥ ಟೇಪನ್ನು ಸರಿಯಾದ ವೇಗದ ಯಂತ್ರದಲ್ಲಿ ಹಾಕಿದಾಗ ಲಯವೂ ಚುರುಕಾಗುತ್ತದೆ, ಶ್ರುತಿಯೂ ಏರುತ್ತದೆ. ಏರಿಕೆ ಅರ್ಧಸ್ವರದ ಹೆಚ್ಚುಕಡಿಮೆ ಅರ್ಧದಷ್ಟು. ಪಕ್ಕದಲ್ಲೇ ಓಡುತ್ತಿದ್ದ ಎರಡನೇ ಯಂತ್ರದ ವೇಗ ಸರಿಯಿತ್ತು, ಆದರೆ ಆ ರೀಲ್ ದಶಕಗಳ ಕಾಲ ಕಪಾಟಿನಲ್ಲೇ ಕೂತಿತ್ತು. 1992ರ ಚಿನ್ನದ ಲೇಪದ ಸಿಡಿಗೆ ಅದನ್ನು ಬಳಸಿದರು, 1997ರ ಮರುಮುದ್ರಣದಿಂದ ಸರಿಯಾದ ಶ್ರುತಿಯೇ ಸಾಮಾನ್ಯವಾಯಿತು.

ಯಾವ ಪ್ರತಿ ಕೈಯಲ್ಲಿದೆ ಎಂದು ತಿಳಿಯಲು ಸೋ ವಾಟ್ ಅವಧಿ ನೋಡಿ. ಸರಿಪಡಿಸಿದ್ದು 9 ನಿಮಿಷ 22 ಸೆಕೆಂಡಿನ ಆಸುಪಾಸು ಬರುತ್ತದೆ, ಹಳೆಯದು ಅದಕ್ಕಿಂತ ಹತ್ತು-ಹದಿನೈದು ಸೆಕೆಂಡ್ ಕಡಿಮೆ. ಕವರಿನ ಮೇಲೆ ಅಚ್ಚಾದ ಅವಧಿ ನಂಬಬೇಡಿ, ಗಡಿಯಾರ ಹಿಡಿದು ಅಳೆಯಿರಿ. ಯುರೋಪಿನಲ್ಲಿ 1959ರ ಧ್ವನಿಮುದ್ರಣಗಳ ಹಕ್ಕು ಮುಗಿದಿರುವುದರಿಂದ ಅಗ್ಗದ ಎಲ್‌ಪಿಗಳು ಬೇಕಾದಷ್ಟಿವೆ. ಯಾವ ಮೂಲದಿಂದ ಕತ್ತರಿಸಿದ್ದಾರೆ ಎಂದು ಅವುಗಳ ಮೇಲೆ ಬರೆದಿರುವುದೇ ಅಪರೂಪ, ಹೊಸ ಪ್ಲಾಸ್ಟಿಕ್ ಹೊದಿಕೆ ನೋಡಿ ಮೋಸಹೋಗಬೇಡಿ.

ಇರುವ ಎಲ್‌ಪಿಯಲ್ಲೇ ಅಭ್ಯಾಸ ಮಾಡಬೇಕೆಂದರೆ ಸುಲಭದ ದಾರಿ ಕೀಬೋರ್ಡನ್ನೇ ಏರಿಸುವುದು. ಮಾಸ್ಟರ್ ಟ್ಯೂನ್ (ಇಡೀ ಕೀಬೋರ್ಡಿನ ಶ್ರುತಿ ಬದಲಿಸುವ ಸೆಟ್ಟಿಂಗ್) ಅನ್ನು 440 ಹರ್ಟ್ಸ್‌ನಿಂದ 450ರವರೆಗೆ ತಂದು, ಅಲ್ಲಿಂದ ಕಿವಿಗೆ ಕೂಡುವ ತನಕ ಒಂದೊಂದೇ ಹರ್ಟ್ಸ್ ಏರಿಸಿ. 453 ದಾಟಬೇಕಾಗಿ ಬಂದರೆ ಆಗ ಮಾತ್ರ ಟರ್ನ್‌ಟೇಬಲ್ ಮೇಲೆ ಅನುಮಾನಪಡಿ. ಸ್ಯಾಕ್ಸೊಫೋನಿನಲ್ಲಿ ಈ ಉಪಾಯ ನಡೆಯದು. ಮೌತ್‌ಪೀಸ್ ಅಷ್ಟು ಒಳಗೆ ತಳ್ಳಿದರೆ ವಾದ್ಯದ ಸ್ವರಗಳೇ ಒಂದಕ್ಕೊಂದು ಕೂಡುವುದಿಲ್ಲ.

ಕಂಪ್ಯೂಟರಿಗೆ ಹಾಕಿಕೊಂಡಿದ್ದರೆ ಆಡಾಸಿಟಿ ತಂತ್ರಾಂಶದಲ್ಲಿ ‘ಚೇಂಜ್ ಸ್ಪೀಡ್’ (ಹೊಸ ಆವೃತ್ತಿಗಳಲ್ಲಿ ‘ಚೇಂಜ್ ಸ್ಪೀಡ್ ಆಂಡ್ ಪಿಚ್’) ಬಳಸಿ, ‘ಚೇಂಜ್ ಪಿಚ್’ ಅಲ್ಲ. ಇಲ್ಲಿ ಲಯ, ಶ್ರುತಿ ಎರಡೂ ಒಟ್ಟಿಗೆ ಏರಿವೆ, ಒಟ್ಟಿಗೇ ಇಳಿಯಬೇಕು. ಮೈನಸ್ 2.5 ಶೇಕಡಾದಿಂದ ಶುರುಮಾಡಿ. ಟ್ಯೂನರಿನಲ್ಲಿ ಎಷ್ಟು ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು) ಏರಿಕೆ ಕಾಣುತ್ತದೋ ಅದಕ್ಕೆ ಲೆಕ್ಕ ಹೀಗೆ: 40 ಸೆಂಟ್‌ಗೆ ಸುಮಾರು 2.3 ಶೇಕಡಾ, 50ಕ್ಕೆ ಸುಮಾರು 2.8. ಹೋಲಿಕೆಗೆ 440ರ ಬದಲು ಅದೇ ಎಲ್‌ಪಿಯ ಎರಡನೇ ಬದಿಯನ್ನು ಇಟ್ಟುಕೊಂಡರೆ ನಿಮ್ಮ ಟರ್ನ್‌ಟೇಬಲ್ಲಿನ ಸಣ್ಣಪುಟ್ಟ ದೋಷವೂ ಲೆಕ್ಕದಿಂದ ಕಳೆದುಹೋಗುತ್ತದೆ.

ಇನ್ನೊಂದು: ಆರಂಭದ ಪ್ರತಿಗಳಲ್ಲಿ ಎರಡನೇ ಬದಿಯ ಎರಡು ಹೆಸರುಗಳು ಅದಲುಬದಲಾಗಿವೆ. 6/8ರಲ್ಲಿ, ಅಂದರೆ ಆರರ ಎಣಿಕೆಯಲ್ಲಿ, ತೂಗುವುದು ಆಲ್ ಬ್ಲೂಸ್, ಲೇಬಲ್ ಏನೇ ಹೇಳಲಿ.

ಛಾಪುತಾಳ:

ಸೋ ವಾಟ್‌ಗೆ ಬರೋಣ. 32 ಬಾರಿನ (ಬಾರ್ ಎಂದರೆ ಇಲ್ಲಿ ನಾಲ್ಕು ಬೀಟಿನ ಅಳತೆ) ಆವರ್ತ, ಎಂಟೆಂಟರ ನಾಲ್ಕು ತುಂಡು. ಮೊದಲ 16 ಬಾರ್ ಡಿ ಡೋರಿಯನ್ (ಡಿಯಿಂದ ಡಿವರೆಗಿನ ಬಿಳಿ ಕೀಲಿಗಳ ಸ್ವರಗುಂಪು), ಮುಂದಿನ 8 ಇ-ಫ್ಲ್ಯಾಟ್ ಡೋರಿಯನ್, ಕೊನೆಯ 8 ಮತ್ತೆ ಡಿ. ದಾರಿ ತಪ್ಪುವುದು ಯಾವಾಗಲೂ ಒಂದೇ ಜಾಗದಲ್ಲಿ. ಕೊನೆಯ 8 ಮುಗಿದ ಕೂಡಲೇ ಹೊಸ ಆವರ್ತದ 16 ಬರುವುದರಿಂದ ಒಟ್ಟು 24 ಬಾರ್ ಡಿಯಲ್ಲೇ ಇರುತ್ತೀರಿ, ನಡುವೆ ಗುರುತಿಗೊಂದು ಕಂಬವೂ ಇಲ್ಲ. ಅದಕ್ಕೆ ಬಾರ್ ಎಣಿಸುವುದು ಬಿಟ್ಟು ಎಂಟರ ಗುಂಪುಗಳನ್ನು ಬೆರಳಿನಲ್ಲಿ ಮಡಿಸಿ. ಮೂರನೇ ಬೆರಳಿಗೆ ಅರ್ಧಸ್ವರ ಮೇಲೆ. ಬೇರೇನೂ ನುಡಿಸದೆ ಪಾಲ್ ಚೇಂಬರ್ಸ್ ಅವರ ಬಾಸ್ ಹಿಡಿದುಕೊಂಡು ಇಡೀ ಟ್ರ್ಯಾಕ್ ಮಡಿಸಿ ನೋಡಿ: ಮೈಲ್ಸ್ ಎರಡು ಆವರ್ತ, ಕೋಲ್ಟ್ರೇನ್ ಎರಡು, ಕ್ಯಾನನ್‌ಬಾಲ್ ಆಡರ್ಲಿ ಎರಡು, ಪಿಯಾನೊದಲ್ಲಿ ಬಿಲ್ ಎವನ್ಸ್ ಒಂದು. ಮೈಲ್ಸ್ ಸೋಲೋಗೆ ಕಾಲಿಡುವಾಗ ಜಿಮ್ಮಿ ಕಾಬ್ ಸಿಂಬಲ್ ಮೇಲೆ ಜೋರಾಗಿ ಒಂದು ಏಟು ಹಾಕುತ್ತಾರೆ, ಎಣಿಕೆಯ ‘ಒಂದು’ ಅದೇ.

ಕರ್ನಾಟಕ ಸಂಗೀತ ಕಲಿತವರಿಗೆ ಡಿ ಡೋರಿಯನ್ ಎಂದರೆ ಡಿಯನ್ನು ಷಡ್ಜ ಮಾಡಿಕೊಂಡ ಖರಹರಪ್ರಿಯದ ಸ್ವರಗಳು. ಆದರೆ ಇ-ಫ್ಲ್ಯಾಟ್‌ಗೆ ಹೋಗುವುದು ಗ್ರಹಭೇದವಲ್ಲ. ಗ್ರಹಭೇದದಲ್ಲಿ ಸ್ವರಗಳು ಅವೇ, ಆಧಾರ ಮಾತ್ರ ಬದಲು. ಇಲ್ಲಿ ಆಧಾರದ ಜೊತೆ ಇಡೀ ಸ್ವರಗುಂಪು ಅರ್ಧ ಮನೆ ಮೇಲೆ ಏರುತ್ತದೆ. ಹಾಗಾಗಿ ಶ್ರುತಿಪೆಟ್ಟಿಗೆ ಹಾಕಿಕೊಂಡು ಅಭ್ಯಾಸ ಮಾಡಿದರೆ ಮೂರನೇ ತುಂಡಿನಲ್ಲಿ ಕಿವಿ ಹರಿದುಹೋಗುತ್ತದೆ. ಮೆಟ್ರೊನೋಮ್ ಸಾಕು, ಎರಡು ಮತ್ತು ನಾಲ್ಕನೇ ಬೀಟಿಗೆ.

ಬಾಸ್ ಪಲ್ಲವಿಗೆ ಉತ್ತರವಾಗಿ ಬರುವ ಎರಡು ಪೆಟ್ಟಿನ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳು) ಕೆಳಗಿನಿಂದ ಇ, ಎ, ಡಿ, ಜಿ, ಬಿ. ಎರಡನೆಯದು ಎಲ್ಲವೂ ಒಂದು ಪೂರ್ಣಸ್ವರ ಕೆಳಗೆ. ಮೊದಲ ಪೆಟ್ಟು ಉದ್ದ, ಎರಡನೆಯದು ತುಂಡು. ಎರಡನ್ನೂ ಒಂದೇ ಅಳತೆಗೆ ನುಡಿಸಿದರೆ ಮುದ್ದೆಯಾಗುತ್ತದೆ.

ಟೇಕ್ ಫೈವ್‌ನ ಐದು ನಮ್ಮ ಐದೇ, ಮುರಿಯುವುದು ಮಾತ್ರ ತಿರುಗಾಮುರುಗಾ. ಖಂಡ ಛಾಪು ತಕ ತಕಿಟ, ಇದು ತಕಿಟ ತಕ. ಮೊದಲ ಮೂರಕ್ಕೆ ಇ-ಫ್ಲ್ಯಾಟ್ ಮೈನರ್, ಉಳಿದ ಎರಡಕ್ಕೆ ಬಿ-ಫ್ಲ್ಯಾಟ್ ಮೈನರ್ ಸೆವೆಂತ್. ಖಂಡ ಛಾಪು ಹಾಕಿದರೂ ತಾಳವೇನೋ ಬಿಡದೆ ಕೂಡಿಕೊಂಡೇ ಹೋಗುತ್ತದೆ, ಅಪಾಯ ಇರುವುದೂ ಅಲ್ಲೇ: ಸಮ (ತಾಳದ ಮೊದಲ ಪೆಟ್ಟು) ನಾಲ್ಕನೇ ಎಣಿಕೆಗೆ ಬಿದ್ದಿರುತ್ತದೆ, ಬ್ರಿಜ್ (ನಡುವಿನ ಬೇರೆ ಧಾಟಿಯ ಭಾಗ) ಬಂದಾಗಲೇ ಗೊತ್ತಾಗುವುದು.

ಅದೇ ಆಲ್ಬಮ್ಮಿನ ಬ್ಲೂ ರಾಂಡೊ ಆಲಾ ಟರ್ಕ್ ಬಗ್ಗೆಯೂ ಎಚ್ಚರ. 9/8 ಅಂದಕೂಡಲೇ 2+2+2+3 ಅಂತ ಎಲ್ಲಾ ಬಾರಿಗೂ ಹಾಕಿಬಿಡುತ್ತಾರೆ. ಅದು ಮೂರು ಬಾರ್ ಮಾತ್ರ, ನಾಲ್ಕನೆಯದು 3+3+3. ಸೋಲೋಗಳು 4/4ರ ಬ್ಲೂಸ್‌ನಲ್ಲಿ. 1958ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಬ್ರೂಬೆಕ್ ತಂಡವನ್ನು ಟರ್ಕಿ, ಭಾರತ ಎಂದು ಸುತ್ತಿಸಿತ್ತು; ಈ ಒಂಬತ್ತು ಟರ್ಕಿಯ ಬೀದಿಯಲ್ಲಿ ಅವರ ಕಿವಿಗೆ ಬಿದ್ದದ್ದು.

ಒಂಟಿಬಾಸ್:

ಕೇಳುವ ಕ್ರಮಕ್ಕೆ ಬಿಡುಗಡೆಯ ದಿನ ನೋಡಬೇಡಿ, ಮುದ್ರಣದ ದಿನ ನೋಡಿ. ಜೈಂಟ್ ಸ್ಟೆಪ್ಸ್ ಅಂಗಡಿಗೆ ಬಂದದ್ದು 1960ರಲ್ಲಿ, ಅದಕ್ಕೇ ಅದನ್ನು ಮುಂದಿನ ಹೆಜ್ಜೆ ಎಂದುಕೊಳ್ಳುತ್ತಾರೆ. ಮುದ್ರಣವಾದದ್ದು ಮೇ 4 ಮತ್ತು 5ರಂದು, ಫ್ಲಮೆಂಕೊ ಸ್ಕೆಚಸ್ ಆದ ಹನ್ನೆರಡೇ ದಿನಕ್ಕೆ (ನೈಮಾ ಮಾತ್ರ ಡಿಸೆಂಬರ್ 2). ಅದೇ ಕೋಲ್ಟ್ರೇನ್, ಬಾಸ್‌ನಲ್ಲಿ ಅದೇ ಚೇಂಬರ್ಸ್. ಸೋ ವಾಟ್‌ನಲ್ಲಿ 16 ಬಾರಿಗೆ ಒಂದೇ ಮೋಡ್ (ಡೋರಿಯನ್‌ನಂಥ ಸ್ವರಗುಂಪು), ಜೈಂಟ್ ಸ್ಟೆಪ್ಸ್‌ನಲ್ಲಿ 16 ಬಾರಿಗೆ 26 ಕಾರ್ಡ್. 1959ರಲ್ಲಿ ಜಾಝ್ ಕಾರ್ಡ್‌ಗಳನ್ನು ಬಿಟ್ಟು ಮೋಡ್‌ಗೆ ಹೋಯಿತು ಎನ್ನುವ ಕಥೆ ಇಲ್ಲೇ ಬಿದ್ದುಹೋಗುತ್ತದೆ. ಎರಡೂ ಒಟ್ಟಿಗೇ ನಡೆಯುತ್ತಿದ್ದವು, ಒಬ್ಬನದೇ ಕೈಯಲ್ಲಿ. ಮೋಡ್ ಕೂಡ ಆ ವರ್ಷದ ಕೂಸಲ್ಲ, ಮೈಲ್ಸ್ 1958ರ ಮೈಲ್‌ಸ್ಟೋನ್ಸ್‌ನಲ್ಲೇ ಶುರುಮಾಡಿದ್ದರು.

ಕೀಬೋರ್ಡಿಗೆ ಕೈಂಡ್ ಆಫ್ ಬ್ಲೂ, ಟೈಮ್ ಔಟ್ ಮೊದಲು. ಜೈಂಟ್ ಸ್ಟೆಪ್ಸ್ ಕೊನೆಗೆ: ಬಿ, ಜಿ, ಇ-ಫ್ಲ್ಯಾಟ್ ಮೂರು ನೆಲೆ, ಒಂದರಿಂದ ಒಂದಕ್ಕೆ ಮೇಜರ್ ಥರ್ಡ್ (ನಾಲ್ಕು ಅರ್ಧಸ್ವರ) ದೂರ. ರೆಕಾರ್ಡಿನ ವೇಗ ನಿಮಿಷಕ್ಕೆ 290 ಬೀಟಿನ ಹತ್ತಿರ. 100ರಲ್ಲಿ ಶುರುಮಾಡಿ, ಪ್ರತಿ ಕಾರ್ಡಿಗೂ ಅದರ ಸ್ಕೇಲಿನ 1, 2, 3, 5ನೇ ಸ್ವರ ಮಾತ್ರ. ಕೋಲ್ಟ್ರೇನ್ ಸೋಲೋದಲ್ಲೂ ಅದೇ ತುಣುಕು ಮತ್ತೆ ಮತ್ತೆ ಕೇಳುತ್ತದೆ. ಪಿಯಾನೊದಲ್ಲಿ ಟಾಮಿ ಫ್ಲ್ಯಾನಗನ್ ತಡವರಿಸುವುದನ್ನು ಗಮನಿಸಿ. ಅಂಥ ದಿಗ್ಗಜರಿಗೇ ಕಷ್ಟವಾದ ವೇಗ ಅದು.

ಮಿಂಗಸ್ ಆಹ್ ಉಮ್ (ಮೇ 5, 12) ಕೊಳ್ಳುವಾಗ ಪೂರ್ಣ ಆವೃತ್ತಿ ನೋಡಿ. ಎಲ್‌ಪಿಗೆ ಹಿಡಿಸಲೆಂದು ಹಲವು ಟ್ರ್ಯಾಕ್‌ಗಳ ಸೋಲೋಗಳನ್ನು ಕತ್ತರಿಸಿದ್ದರು, ನಂತರದ ಸಿಡಿಗಳಲ್ಲಿ ಅವು ಮರಳಿವೆ. ಆವರ್ತ ಎಣಿಸುತ್ತಾ ಕೂತವರಿಗೆ ಕತ್ತರಿ ಬಿದ್ದ ಪ್ರತಿ ಸುಮ್ಮನೆ ತಲೆನೋವು. ಗುಡ್‌ಬೈ ಪೋರ್ಕ್ ಪೈ ಹ್ಯಾಟ್ ಮಾರ್ಚ್ 15ರಂದು ತೀರಿಕೊಂಡ ಲೆಸ್ಟರ್ ಯಂಗ್ ನೆನಪಿಗೆ. ಅರ್ಕಾನ್ಸಾ ಗವರ್ನರನನ್ನು ಹಂಗಿಸುವ ಫೇಬಲ್ಸ್ ಆಫ್ ಫಾಬಸ್ ಇಲ್ಲಿ ಬರೀ ವಾದ್ಯದಲ್ಲಿದೆ, ಮಾತು ಬೇಕಿದ್ದರೆ 1960ರಲ್ಲಿ ಕ್ಯಾಂಡಿಡ್ ಕಂಪನಿಗೆ ಮಾಡಿದ್ದನ್ನು ಹುಡುಕಿ.

ಕೋಲ್ಮನ್ ಆಲ್ಬಮ್ (ಮೇ 22, ಹಾಲಿವುಡ್) ಹಾಕುವಾಗ ಕೀಬೋರ್ಡ್ ಮುಚ್ಚಿಡಿ. ಅಲ್ಲಿ ಪಿಯಾನೊವೇ ಇಲ್ಲ, ಬೇಕೆಂದೇ ಬಿಟ್ಟದ್ದು. ನೀವು ಕಾರ್ಡ್ ಸೇರಿಸಿದ ಕ್ಷಣ ಅವರು ತೆಗೆದುಹಾಕಿದ್ದನ್ನೇ ವಾಪಸ್ ತಂದಂತೆ. ಬದಲಿಗೆ ಚಾರ್ಲಿ ಹೇಡನ್ ಅವರ ಬಾಸ್ ಗೆರೆಯನ್ನು ಬಾಯಲ್ಲಿ ಹಾಡಿಕೊಳ್ಳಿ.

ಮಂದ್ರಸ್ಥಾಯಿ:

ಧನ್ಯವಾದ. ಮಾಸ್ಟರ್ ಟ್ಯೂನ್ 451ಕ್ಕೆ ಕೂಡಿತು. ಆದರೂ ಟರ್ನ್‌ಟೇಬಲ್ ವೇಗ ಒಮ್ಮೆ ನೋಡಿಬಿಡೋಣ ಎಂದು ಸ್ಟ್ರೋಬ್ ಡಿಸ್ಕ್ (ವೇಗ ಸರಿಯಿದ್ದರೆ ಮಿಣುಕುವ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಾಣುವ ತಟ್ಟೆ) ಮುದ್ರಿಸಿಕೊಂಡೆ. ಗೆರೆಗಳು ನಿಲ್ಲುವುದೇ ಇಲ್ಲ, ಮಸುಕಾಗಿ ಓಡುತ್ತವೆ.

ಹಳೇರೀಲ್:

ಎರಡು ಕಾರಣ ಇರಬಹುದು. ಡಿಸ್ಕಿನಲ್ಲಿ 33⅓ಕ್ಕೆ 180 ಗೆರೆಯ ಸುತ್ತು ನೋಡಬೇಕು, ಅದು ನಮ್ಮ 50 ಹರ್ಟ್ಸ್ ಕರೆಂಟಿಗೆ. 216 ಗೆರೆಯದು ಅಮೆರಿಕದ 60 ಹರ್ಟ್ಸ್‌ಗೆ, ಇಲ್ಲಿ ಎಂದೂ ನಿಲ್ಲದು. ಎರಡನೆಯದು ಬೆಳಕು. ಒಳ್ಳೆಯ ಎಲ್‌ಇಡಿ ಬಲ್ಬು ಮಿಣುಕುವುದಿಲ್ಲ, ಮಿಣುಕದಿದ್ದರೆ ಸ್ಟ್ರೋಬ್ ಕೆಲಸ ಮಾಡದು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಅಥವಾ ನಿಯಾನ್ ಇಂಡಿಕೇಟರ್ ಬಲ್ಬಿನ ಕೆಳಗೆ ಹಿಡಿಯಿರಿ. ಸೂಜಿ ಎಲ್‌ಪಿಯ ಮೇಲೆ ಇಳಿದಿರುವಾಗಲೇ ನೋಡಿ, ಎಳೆತಕ್ಕೆ ವೇಗ ಕುಗ್ಗುವ ಬೆಲ್ಟ್ ಬರಿದೇ ತಿರುಗುವಾಗ ಸಿಕ್ಕಿಬೀಳುವುದಿಲ್ಲ.