ಉಪ್ಪುನೀರಿನ ಟ್ಯಾಂಕಿಗೆ ಎಂಥ ಪಂಪು, ಎಷ್ಟು ಪಂಪು: ನಾಗರಾಜಣ್ಣನ ಜೊತೆ ಪ್ರಶ್ನೋತ್ತರ

ಅಡ್ಮಿನ್: ದಾವಣಗೆರೆ–ಚಿತ್ರದುರ್ಗ ಉಪ್ಪುನೀರಿನ ಅಕ್ವೇರಿಯಂ ಗುಂಪಿನ ಎಲ್ಲರಿಗೂ ನಮಸ್ಕಾರ. ಟ್ಯಾಂಕ್ ಕೂರಿಸೋದು, ಪಂಪ್ ರಿಪೇರಿ ಮಾಡೋದು ನಾಗರಾಜಣ್ಣನ ಕಸುಬು. ಇವತ್ತು ರಾತ್ರಿ 7ರಿಂದ 9ರವರೆಗೆ ಸಿಗ್ತಾರೆ. ಪಂಪಿನ ವಿಷಯ ಮಾತ್ರ. ಟ್ಯಾಂಕಿನ ಅಳತೆ ಬರೆದು ಕೇಳ್ರಿ.

ಶಿಲ್ಪಾ, ಹರಿಹರ: ಅಣ್ಣಾ, 3 ಅಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ. ಮೆತ್ತನೆ ಹವಳ ಮಾತ್ರ: ಜೊವಾಂಥಸ್, ಮಶ್ರೂಮ್, ಒಂದು ಟೋಡ್‌ಸ್ಟೂಲ್. ಗಂಟೆಗೆ ಎಷ್ಟು ಲೀಟರಿನ ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ಅಲೆಯಾಡಿಸೋ ಪಂಪ್) ಬೇಕು?

ನಾಗರಾಜ: ಅಳತೆ ಬರೆದ್ರಲ್ಲ, ಪುಣ್ಯ ಬರ್ಲಿ. ತುಂಬಿದರೆ 190 ಲೀಟರ್. ಕಲ್ಲು, ಮರಳು ಕಳೆದು 160 ಅಂತ ಇಟ್ಕೊಳ್ರಿ. ಮೆತ್ತನೆ ಹವಳಕ್ಕೆ ಗಂಟೆಗೆ ಟ್ಯಾಂಕಿನ ನೀರಿನ 15–20 ಪಟ್ಟು ಹರಿದ್ರೆ ಸಾಕು, ಅಂದ್ರೆ 3,000 ಲೀಟರ್ ಆಸುಪಾಸು. ದೊಡ್ಡದು ಒಂದೇ ತರಬ್ಯಾಡ್ರಿ. ಸುಮಾರು 1,500ದವು ಎರಡು ತಂದು ಎಡಕ್ಕೊಂದು ಬಲಕ್ಕೊಂದು ಹಚ್ಚಿ, ಎರಡರ ಧಾರೆಯೂ ಮುಂದಿನ ಗಾಜಿಗೆ ಬಡಿದು ಒಡೆಯೋ ಹಂಗೆ ತಿರುಗಿಸ್ರಿ. ಟೋಡ್‌ಸ್ಟೂಲಿನ ಎಳೆ ಅತ್ತಿತ್ತ ತೂಗಾಡ್ತಿದ್ರೆ ಸರಿ ಐತೆ. ಒಂದೇ ಕಡೆ ಬಾಗಿ ನಿಂತ್ರೆ ಧಾರೆ ನೇರ ಹೊಡೀತಿದೆ ಅಂತ ಅರ್ಥ. ಮರಳು ಸರಿದು ತಳದ ಗಾಜು ಕಂಡ್ರೆ ಪಂಪನ್ನ ಎರಡು ಇಂಚು ಮೇಲೆ ಏರಿಸ್ರಿ. ಕೊಳ್ಳುವಾಗ ಗಾಜಿನ ದಪ್ಪ ಹೇಳ್ರಿ. 8 ಮಿ.ಮೀ. ಗಾಜಿಗೆ ಮಾಡಿದ ಮ್ಯಾಗ್ನೆಟ್ 12 ಮಿ.ಮೀ. ಗಾಜಲ್ಲಿ ಜಾರಿ ಬೀಳುತ್ತೆ.

ಮಂಜು, ಜಗಳೂರು: ಅಣ್ಣ 2 ಅಡಿ ಟ್ಯಾಂಕಿಗೆ ಎಷ್ಟು ಲೀಟರ್ ಪಂಪ್?

ನಾಗರಾಜ: ಅಗಲ, ಎತ್ತರ? ಲೆಕ್ಕ ಮೇಲೇ ಐತೆ.

ತಿಪ್ಪೇಶ, ಚಳ್ಳಕೆರೆ: ನಂದೂ ಶಿಲ್ಪಾ ಮೇಡಂ ಅಳತೆನೇ, ಕೆಳಗೆ ಸಂಪ್ (ನೀರು ಸೋಸೋ ಎರಡನೇ ಟ್ಯಾಂಕ್) ಐತೆ. ಅಲ್ಲಿಂದ ನೀರು ಮೇಲೆ ಕಳಿಸೋ ರಿಟರ್ನ್ ಪಂಪ್ ಡಬ್ಬಿ ಮೇಲೆ 2,000 ಲೀಟರ್, ಮ್ಯಾಕ್ಸ್ ಹೆಡ್ (ನೀರು ಏರಿಸೋ ಗರಿಷ್ಠ ಎತ್ತರ) 2 ಮೀಟರ್ ಅಂತ ಐತೆ. ಅದನ್ನೂ ಈ 3,000ದಲ್ಲಿ ಸೇರಿಸಬಹುದಾ? ಇನ್ನೊಂದು, ಕರೆಂಟ್ ಹೋದ್ರೆ ಸಂಪ್ ತುಂಬಿ ನೆಲದ ಮೇಲೆ ನೀರು. ನೀರು ವಾಪಸ್ ಇಳಿಯದ ಹಂಗೆ ನಾನ್-ರಿಟರ್ನ್ ವಾಲ್ವ್ ಹಾಕಲಾ?

ನಾಗರಾಜ: ಸೇರಿಸಬ್ಯಾಡ್ರಿ. ಡಬ್ಬಿ ಮೇಲಿನದು ಎತ್ತರ ಸೊನ್ನೆ ಇದ್ದಾಗಿನ ಮಾತು. 4 ಅಡಿ ಏರಿಸಿದ್ರೆ 800 ಬಂದ್ರೆ ಹೆಚ್ಚು. ರಿಟರ್ನಿಗೆ ಅಷ್ಟು ಸಾಕು ಬಿಡ್ರಿ. ವಾಲ್ವ್ ನಂಬಬ್ಯಾಡ್ರಿ, ಒಳಗೆ ಸುಣ್ಣ ಕಟ್ಟಿಯೋ ಹುಳ ಕೂತೋ ಅರ್ಧ ತೆರೆದೇ ನಿಲ್ಲುತ್ತೆ. ನಿಮ್ಮ ಟ್ಯಾಂಕಲ್ಲಿ ಒಂದು ಇಂಚು ನೀರು ಅಂದ್ರೆ 10 ಲೀಟರ್. ರಿಟರ್ನ್ ಪೈಪಿನ ಬಾಯಿ 3 ಇಂಚು ಮುಳುಗಿದ್ರೆ 30 ಲೀಟರ್ ವಾಪಸ್ ಇಳೀತದೆ. ಬಾಯಿ ಒಂದೇ ಇಂಚು ಮುಳುಗಲಿ. ಆಮೇಲೆ ನೀವೇ ಪ್ಲಗ್ ಕಿತ್ತು, ನೀರು ಎಲ್ಲಿ ನಿಲ್ಲುತ್ತೋ ಸಂಪಿನ ಮೇಲೆ ಗೆರೆ ಎಳೀರಿ.

ವೀರೇಶ, ವಿದ್ಯಾನಗರ: ಸರ್, ಇನ್ವರ್ಟರ್ ಮೇಲೆ ವೇವ್‌ಮೇಕರ್ ಗೊರ್ರ್ ಅಂತದೆ, ಮುಟ್ಟಿದ್ರೆ ಬಿಸಿ. ನಿನ್ನೆಯಿಂದ ನೀರಿಗೆ ಕೈ ಹಾಕಿದ್ರೆ ಬೆರಳ ಹತ್ರ ಜುಮ್ ಅಂತದೆ, ಗಾಯ ಇದ್ದಲ್ಲಿ ಜಾಸ್ತಿ. ಪಂಪ್ ಬದಲಿಸಬೇಕಾ?

ನಾಗರಾಜ: ವೀರೇಶ್, ಮೊದಲು ಎಲ್ಲ ಪ್ಲಗ್ ಕೀಳ್ರಿ. ಕೈ ಹಾಕಬ್ಯಾಡ್ರಿ. ಕಿತ್ತ ಮೇಲೆ ಮುಂದೆ ಓದ್ರಿ.

ನಿಮ್ಮದು ಎರಡು ಬೇರೆ ಕಾಯಿಲೆ. ಗೊರ್ರ್ ಅನ್ನೋದು ಸ್ಕ್ವೇರ್‌ವೇವ್ ಇನ್ವರ್ಟರ್ ಇದ್ರೆ ಎ.ಸಿ. ಪಂಪ್ ಮಾಡೋ ಸದ್ದು. ಕಾಯಿಲ್ ಕಾಯುತ್ತೆ, ಆ ಬಿಸಿ ನೀರಿಗೇ ಹೋಗುತ್ತೆ. ಸೈನ್‌ವೇವ್ ಇನ್ವರ್ಟರ್ ಬೇಕು, ಇಲ್ಲ 24 ವೋಲ್ಟಿನ ಡಿ.ಸಿ. ವೇವ್‌ಮೇಕರ್.

ಜುಮ್ ಅನ್ನೋದು ಸೋರಿಕೆ. ಪಂಪೇ ಅಂತ ತೀರ್ಮಾನ ಮಾಡಬ್ಯಾಡ್ರಿ, ಹೀಟರ್ ಗಾಜು ಬಿರಿದಿದ್ರೂ ಹಿಂಗೇ. ಮಲ್ಟಿಮೀಟರ್ ಎ.ಸಿ. ವೋಲ್ಟಿಗೆ ಇಡ್ರಿ. ಒಂದು ಕಡ್ಡಿ ನೀರಲ್ಲಿ, ಇನ್ನೊಂದು ಸಾಕೆಟ್ಟಿನ ಅರ್ಥ್ ತೂತಿಗೆ. ಲೋಹ ಮುಟ್ಟಬ್ಯಾಡ್ರಿ, ಕಾಲಿಗೆ ಒಣ ಚಪ್ಪಲಿ ಇರಲಿ. ಪ್ಲಗ್‌ಗಳನ್ನ ಒಂದೊಂದಾಗಿ ಹಾಕ್ರಿ. ಹತ್ತಿಪ್ಪತ್ತು ವೋಲ್ಟ್ ತೋರಿಸಿದ್ರೆ ಹೆದರಬ್ಯಾಡ್ರಿ, ಪಂಪಿನ ಕಾಯಿಲಿಂದ ಸುಮ್ನೆ ಅಷ್ಟು ಬರ್ತದೆ. ಯಾವುದು ಹಾಕಿದಾಗ ಮುಳ್ಳು ಥಟ್ ಅಂತ ಮೇಲೆ ಹಾರುತ್ತೋ ಅದೇ ಕಳ್ಳ. ಅದಕ್ಕೆ ಎಂ-ಸೀಲ್ ಮೆತ್ತಬ್ಯಾಡ್ರಿ, ಎಸೀರಿ.

ಎಂ.ಸಿ.ಬಿ. (ಓವರ್‌ಲೋಡ್ ಆದ್ರೆ ಬೀಳೋ ಸ್ವಿಚ್) ಶಾಕ್ ತಡೆಯಲ್ಲ. ಟ್ಯಾಂಕಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯೋ ಸ್ವಿಚ್) ಹಾಕಿಸ್ರಿ. ವೈರ್ ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಮೇಲೆ ಬರಲಿ, ಹನಿ ಅಲ್ಲೇ ಉದುರುತ್ತೆ.

ಬಸವರಾಜ, ಹೊಳಲ್ಕೆರೆ: ಫಾರ್ವರ್ಡ್ ಬಂದಿತ್ತು: "ಅಕ್ವೇರಿಯಂ ಶಾಕ್ ಹೊಡೆಯುತ್ತಿದೆಯೇ? ತಾಮ್ರದ ತಂತಿಯ ಒಂದು ತುದಿ ನೀರಿಗೆ, ಇನ್ನೊಂದು ಅರ್ಥ್‌ಗೆ. ಪಾಚಿಯೂ ಮಾಯ!"

ನಾಗರಾಜ: ಪಾಚಿ ಅಷ್ಟೇ ಅಲ್ಲ, ಸಿಗಡಿ, ಬಸವನಹುಳು, ಹವಳ ಎಲ್ಲ ಮಾಯ. ತಾಮ್ರ ಕಲ್ಲಿನೊಳಗೆ ಇಳಿದು ತಿಂಗಳಗಟ್ಟಲೆ ಬಿಡ್ತಾ ಇರುತ್ತೆ. ಆರ್.ಸಿ.ಸಿ.ಬಿ. ಇಲ್ಲದೆ ಅರ್ಥ್ ಮಾಡಿದ್ರೆ ನಿಮಗೆ ಜುಮ್ ಅನ್ನಲ್ಲ, ಸೋರಿಕೆ ಮಾತ್ರ ಹರೀತಾನೇ ಇರುತ್ತೆ. ಇಂಥದ್ದು ಇನ್ನೊಂದು ಕಳಿಸಬ್ಯಾಡ್ರಿ.

ಬಸವರಾಜ: ಬಂದಿದ್ದು ಹಾಕಿದೆ ಅಷ್ಟೇ ಸರ್.

ನಾಗರಾಜ: ಅದೇ ತಪ್ಪು.

ಪ್ರವೀಣ: ನನ್ನ ಹ್ಯಾಮರ್ ಹವಳದ ಮಾಂಸ ಅಸ್ಥಿಯಿಂದ ಕಿತ್ತು ಬರ್ತಿದೆ. ಪಂಪ್ ಅರ್ಧ ಅಡಿ ದೂರದಲ್ಲಿದೆ.

ತಿಪ್ಪೇಶ: ಹ್ಯಾಮರ್ ಕಲ್ಲುಹವಳ ಗುರುವೇ. 1972ರ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1, ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿ. ಮನೇಲಿಟ್ಟು ಗುಂಪಲ್ಲಿ ಬೇರೆ ಹೇಳ್ತೀಯಲ್ಲ.

ಪ್ರವೀಣ: ಹೊರದೇಶದ್ದು ಅಂತ ಅಂಗಡೀಲಿ ಕೊಟ್ರು.

ತಿಪ್ಪೇಶ: ಕಾಗದ ಐತಾ?

ಪ್ರವೀಣ: ನೀನು ಫಾರೆಸ್ಟ್ ಆಫೀಸರಾ? ಸಂಪ್ ತುಂಬಿಸಿ ನೆಲ ತೊಳೆಯೋನು ನನಗೆ ಹೇಳೋದು.

ಶಿಲ್ಪಾ: ಜಗಳ ಆಮೇಲೆ ಆಡ್ರಪ್ಪ. ಅಣ್ಣಾ, ಪಂಪಿಗೆ ಸುಣ್ಣ ಕಟ್ಟಿದ್ರೆ?

ನಾಗರಾಜ: ಬಿಳಿ ವಿನೆಗರ್, ನೀರು ಸಮಸಮ. ಪಂಪ್ ಬಿಚ್ಚಿ ಒಂದು ಗಂಟೆ ನೆನೆಹಾಕಿ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಇಂಪೆಲ್ಲರ್ (ಒಳಗೆ ತಿರುಗೋ ರೆಕ್ಕೆ) ತೂತು ಉಜ್ಜಿ ತೊಳೀರಿ. ಎರಡು–ಮೂರು ತಿಂಗಳಿಗೊಮ್ಮೆ. ಸೋಪು ಬ್ಯಾಡ.

ಅಡ್ಮಿನ್: ಪ್ರವೀಣ್, ತಿಪ್ಪೇಶ್, ಸಾಕು. ಕಲ್ಲುಹವಳದ ಮಾತು ಇಲ್ಲಿಗೆ ನಿಲ್ಲಲಿ.

ಮಂಜು: ಅಣ್ಣ 2 ಅಡಿಗೆ?

ಗಿರೀಶ: ನೀರು ತಣ್ಣಗಿಡೋ ಚಿಲ್ಲರ್ ಇಲ್ಲದೆ ಏಪ್ರಿಲ್ ದಾಟಬಹುದಾ ಸರ್?

ವೀರೇಶ: ಸರ್, ನೋಡ್ದೆ. ಎರಡು ವೇವ್‌ಮೇಕರಿಗೂ 15ರೊಳಗೆ. ಹೀಟರ್ ಹಾಕಿದ ಕೂಡಲೇ 110. ಕೆಳಗಡೆ ಕೂದಲೆಳೆಯಷ್ಟು ಬಿರುಕು ಐತೆ. ಒಂದು ಪಂಪಿನ ಮ್ಯಾಗ್ನೆಟ್ಟೂ ಉಬ್ಬಿ ಕಂದು ಗೆರೆ ಬಂದಿದೆ.

ನಾಗರಾಜ: ಹೀಟರ್ ಪ್ಲಗ್ ಕಿತ್ತು, ಈಗಲೇ ವೈರ್ ಕತ್ತರಿಸಿ ಎಸೀರಿ, ಇನ್ಯಾರೂ ಎತ್ಕೊಂಡು ಹೋಗಿ ಹಾಕಬಾರ್ದು. ಉಬ್ಬಿದ ಮ್ಯಾಗ್ನೆಟ್ ಶಾಕ್ ಕೊಡಲ್ಲ, ತುಕ್ಕು ಬಿಡುತ್ತೆ. ರೋಟರ್ (ಆ ಮ್ಯಾಗ್ನೆಟ್ ಇರೋ ತಿರುಗೋ ಭಾಗ) ಬೇರೆ ಸಿಕ್ರೆ ಬದಲಿಸ್ರಿ, ಅಲ್ಲಿ ತನಕ ಆ ಪಂಪ್ ಹೊರಗಿರಲಿ. 20% ನೀರು ಬದಲಿಸಿ, ನೀರು ಸೋಸೋ ಕಾರ್ಬನ್ ಹಾಕ್ರಿ.

ವೀರೇಶ: ಉಳಿದಿದ್ದು ಒಂದೇ ಪಂಪ್. ರಾತ್ರಿ ಕರೆಂಟ್ ಹೋದ್ರೆ ಮೀನು?

ನಾಗರಾಜ: ಅದನ್ನ ಆ ಇನ್ವರ್ಟರಿಗೆ ಹಾಕಬ್ಯಾಡ್ರಿ. ಬ್ಯಾಟರಿ ಏರ್ ಪಂಪ್ ಇಡ್ರಿ. ಅದೂ ಇಲ್ಲ ಅಂದ್ರೆ ಪ್ಲಾಸ್ಟಿಕ್ ಮಗ್ಗಲ್ಲಿ ನೀರು ಎತ್ತಿ, ಒಂದು ಅಡಿ ಮೇಲಿಂದ ಸುರೀರಿ. ಅರ್ಧ ಗಂಟೆಗೊಮ್ಮೆ, ಇಪ್ಪತ್ತು ಮಗ್.