ಸಹಾಯ ಬೇಕು: ಪ್ಯಾರಾಮೀಸಿಯಂನ ಬಲಗಡೆ ಯಾವುದು?

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹೈಸ್ಕೂಲಲ್ಲಿ ವಿಜ್ಞಾನ ಹೇಳ್ತೇನೆ. ತೋಟದ ಕಾಲುವೆ ನೀರಿಗೆ ಒಣಹುಲ್ಲು ಹಾಕಿಟ್ಟು ಮಕ್ಕಳಿಗೆ ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿಯನ್ನು ತೋರಿಸಿದೆ. ಅಲ್ಲಿಗೆ ಬಿಟ್ಟಿದ್ರೆ ಆಗ್ತಿತ್ತು. ಮಾಡೆಲ್ ಮಾಡುವ ಅಂತ ಮಕ್ಕಳೇ ಹಟ ಹಿಡಿದ್ರು. ಅಡಿಕೆ ದಬ್ಬೆಗೆ ತೂತು ಕೊರೆದು ಕಸಬರಿಗೆ ಕಡ್ಡಿ ಸಿಕ್ಕಿಸಿದ್ದೇವೆ, ಕಡ್ಡಿಗಳೇ ಸಿಲಿಯಾ, ಅಂದ್ರೆ ಅದರ ಮೈಮೇಲೆ ಸಾಲುಸಾಲಾಗಿರುವ, ಈಜಲಿಕ್ಕೆ ಬಡಿಯುವ ಕೂದಲು.

ಸಿಲಿಯಾ ಸುಲಭ: ಒಂದೊಂದರ ಒಳಗೆ ಸುತ್ತ 9 ಜೋಡಿ ಸೂಕ್ಷ್ಮನಾಳ, ನಡುವೆ 2. ಬುಡದ ಬೇಸಲ್ ಬಾಡಿಯಲ್ಲಿ ಮೂರು ಮೂರರ 9 ಗುಂಪು, ನಡುವೆ ಜೋಡಿ ಇಲ್ಲ. ತಲೆನೋವು ಅದಕ್ಕೆ ಅಂಟಿದ ಬೇರುಗಳದ್ದು. ಅದರಲ್ಲೊಂದು ಕೈನೆಟೋಡೆಸ್ಮಲ್ ನಾರು, ಅದು ಸಿಲಿಯಾ ಸಾಲಿನ ಬಲಕ್ಕೆ ಹೊರಟು ಮುಂದಕ್ಕೆ ಚಾಚ್ತದೆ, ಮುಂದಿನ ಬೇಸಲ್ ಬಾಡಿಗಳ ನಾರಿನ ಜೊತೆ ಹಗ್ಗದ ಹಾಗೆ ಕೂಡ್ತದೆ. ಸೂಕ್ಷ್ಮನಾಳಗಳ ಒಂದು ಪಟ್ಟಿ ಬಲ-ಹಿಂದಕ್ಕೆ, ಇನ್ನೊಂದು ಎಡಕ್ಕೆ.

ಈ ಬಲ ಯಾರ ಬಲ ಮಾರಾಯ್ರೆ? ಜೀವಿಯೊಳಗೆ ನಿಂತು ಹೊರಗೆ ನೋಡಿದವರದ್ದೋ, ಹೊರಗೆ ನಿಂತ ನಮ್ಮದೋ? ನನ್ನ ಹತ್ತಿರದ ಎರಡು ಚಿತ್ರ ಒಂದಕ್ಕೊಂದು ಕನ್ನಡಿಯ ಬಿಂಬ. ಮೈಕ್ರೋಸ್ಕೋಪಿನ ತಲೆಕೆಳಗು ಕಾರಣವಲ್ಲ. ಚಿತ್ರ 180 ಡಿಗ್ರಿ ತಿರುಗಿದ್ರೆ ಕನ್ನಡಿಯ ಬಿಂಬ ಆಗೂದಿಲ್ಲ.

ದಿಕ್ಕು ತಪ್ಪಿದ್ರೇನು ಅನ್ನಬೇಡಿ. 1965ರಲ್ಲಿ ಬೇಸಾನ್, ಸಾನ್‌ಬಾರ್ನ್ ಎಂಬ ವಿಜ್ಞಾನಿಗಳು ತೋರಿಸಿದ್ದೇ ಅದು: ಪ್ಯಾರಾಮೀಸಿಯಂನಲ್ಲಿ ತಿರುಗುಮುರುಗಾದ ಸಿಲಿಯಾ ಸಾಲು ನೂರಾರು ಪೀಳಿಗೆ ಹಾಗೇ ಉಳೀತು, ಜೀನ್ ಬದಲಾಗದೆ! ಹೊಸ ಬೇಸಲ್ ಬಾಡಿ ಹಳೆಯದರ ಪಕ್ಕದಲ್ಲೇ, ಅದರ ದಿಕ್ಕಲ್ಲೇ ಕೂರ್ತದೆ.

ಸಿಲ್ವರ್ ಸ್ಟೇನ್ ಮಾಡಿದ (ಸಾಲುಗಳು ಕಾಣುವ ಹಾಗೆ ಬೆಳ್ಳಿಯಿಂದ ಬಣ್ಣ ಕೊಟ್ಟ) ಪ್ಯಾರಾಮೀಸಿಯಂ ಸ್ಲೈಡ್ ಶಿರಸಿ, ಕಾರವಾರ ಕಡೆ ಯಾರ ಹತ್ತಿರವಾದ್ರೂ ಇದ್ರೆ ನೋಡಲಿಕ್ಕೆ ಬರ್ತೇನೆ. ಅಂಟು ಹಾಕೂದು ಶನಿವಾರ, ಅದರೊಳಗೆ ಹೇಳಿ.